ಇತಿಹಾಸಕಾರರ ಮತಭೇದವೂ ವಿದ್ಯಾರ್ಥಿಯ ಧರ್ಮವೂ

ಶಾಲೆಯ ತರಗತಿಗಳಲ್ಲಿ ಚರಿತ್ರೆಯೆಂದರೆ ಉತ್ತರಗಳ ಸಂಗ್ರಹ. ಇಂಥ ವರ್ಷ ಇಂಥ ಯುದ್ಧ ನಡೆಯಿತು, ಇಂಥವನು ಇಂಥ ರಾಜ್ಯವನ್ನು ಕಟ್ಟಿದನು, ಇಂಥ ಕಾರಣಗಳಿಂದ ಅದು ಅಳಿಯಿತು ಎಂದು ಪುಸ್ತಕವು ಹೇಳುತ್ತದೆ. ಹುಡುಗನು ಅದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾನೆ. ಅದೇ ಹುಡುಗನು ಮುಂದೆ ಎಂ. ಎ. ತರಗತಿಯನ್ನು ಸೇರಿ ಆ ಶಾಸ್ತ್ರವನ್ನೇ ಹಿಡಿದು ವ್ಯಾಸಂಗ ಮಾಡಬೇಕೆಂದು ಹೊರಟಾಗ, ಹಿಂದೆ ಒಂದು ವಾಕ್ಯವಾಗಿದ್ದುದು ಐದು ಗ್ರಂಥಗಳಾಗಿ ಬೆಳೆದು, ಆ ಐದೂ ಒಂದರೊಡನೊಂದು ವಾದಕ್ಕೆ ನಿಂತಿರುವುದನ್ನು ಕಾಣುತ್ತಾನೆ. ಯಾವುದನ್ನು ನಂಬಬೇಕು? ಮನೆಗೆ ಬಂದು ಹಿರಿಯರನ್ನು ಕೇಳಿದರೆ ಅವರಿಗೂ ಶಾಲೆಯ ವಾಕ್ಯವಷ್ಟೇ ನೆನಪಿರುತ್ತದೆ.

ಇಂಥ ಸಂದರ್ಭದಲ್ಲಿ ವಿದ್ಯಾರ್ಥಿಗಳು ಸಾಧಾರಣವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುವುದುಂಟು. ಕೆಲವರು ತಮಗೆ ಮೊದಲಿನಿಂದ ಪ್ರಿಯವಾಗಿದ್ದ ಪಕ್ಷವನ್ನು ಆರಿಸಿಕೊಂಡು, ಉಳಿದವರೆಲ್ಲ ಪಕ್ಷಪಾತಿಗಳೆಂದು ತಳ್ಳಿಹಾಕುವರು. ಮತ್ತೆ ಕೆಲವರು, ಇವರು ಹೀಗೆನ್ನುತ್ತಾರೆ, ಅವರು ಹಾಗೆನ್ನುತ್ತಾರೆ, ಕಂಡವರಾರು, ಚರಿತ್ರೆಯೆಂಬುದೆಲ್ಲ ಬರಿಯ ಅಭಿಪ್ರಾಯ ಎಂದು ಕೈತೊಳೆದುಕೊಳ್ಳುವರು. ಎರಡನೆಯದು ನೋಡುವುದಕ್ಕೆ ಉದಾರವಾಗಿ ಕಾಣುತ್ತದೆ. ಆದರೆ ಮೊದಲನೆಯದಕ್ಕಿಂತ ಅದು ಮೇಲೆಂದು ನನಗೆ ತೋರುವುದಿಲ್ಲ. ಒಬ್ಬನು ಒಂದೇ ಪಕ್ಷದ ಪುಸ್ತಕವನ್ನು ಓದಿ ನಿಲ್ಲುತ್ತಾನೆ. ಇನ್ನೊಬ್ಬನು ಎರಡನ್ನೂ ಓದಿದೆನೆಂದು ಹೇಳಿಕೊಂಡು ಎರಡನ್ನೂ ತೂಗದೆ ಬಿಡುತ್ತಾನೆ. ಇಬ್ಬರೂ ತಪ್ಪಿಸಿಕೊಂಡದ್ದು ಒಂದೇ ಶ್ರಮದಿಂದ.

ವಿದ್ವಾಂಸರೇ ಒಮ್ಮತಕ್ಕೆ ಬಾರದ ವಿಷಯದಲ್ಲಿ, ಇನ್ನೂ ಕಲಿಯುತ್ತಿರುವವನು ಹೇಗೆ ನಡೆದುಕೊಳ್ಳುವುದು ಧರ್ಮ? ಇದನ್ನು ಜಾಣತನದ ಪ್ರಶ್ನೆಯೆನ್ನದೆ ಧರ್ಮದ ಪ್ರಶ್ನೆಯೆಂದು ಕರೆಯುವುದಕ್ಕೆ ಕಾರಣವುಂಟು. ನ್ಯಾಯಸ್ಥಾನದಲ್ಲಿ ಪ್ರತಿವಾದಿಗೂ ವಕೀಲನಿರುತ್ತಾನೆ. ತೀರ್ಪು ತನಗೆ ಒಪ್ಪಿಗೆಯಿಲ್ಲವೆಂದು ಅವನು ಮೇಲಿನ ನ್ಯಾಯಸ್ಥಾನಕ್ಕೆ ಹೋಗಬಹುದು. ಗತಿಸಿದವರು ಎದ್ದುಬಂದು, ನಾವು ಹಾಗೆ ಮಾಡಲಿಲ್ಲ, ಹಾಗೆ ಹೇಳಲಿಲ್ಲ ಎನ್ನಲಾರರು. ಅವರ ವಿಷಯದಲ್ಲಿ ನಾವು ಏನು ಹೇಳಿದರೂ ತಡೆಯುವವರಿಲ್ಲ. ತಡೆಯುವವರಿಲ್ಲದ ಕಡೆಯಲ್ಲಿ ಮನುಷ್ಯನು ಹೇಗೆ ನಡೆಯುತ್ತಾನೆಂಬುದು ಅವನ ಶೀಲಕ್ಕೆ ಸೇರಿದ ಮಾತಷ್ಟೆ.

ಉದಾಹರಣೆಗಾಗಿ ದೂರ ಹೋಗಬೇಕಾದುದಿಲ್ಲ. ವಿಜಯನಗರವನ್ನು ಕಟ್ಟಿದವರು ಯಾರು, ಯಾವಾಗ, ಏತಕ್ಕೆ ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲ ಕಥೆ ಅದು. ಬೇಟೆನಾಯಿಗಳನ್ನು ಮೊಲವೊಂದು ತಿರುಗಿಬಿದ್ದು ಅಟ್ಟಿದ ನೆಲ. ಕಂಡು ಬೆರಗಾದ ಅಣ್ಣತಮ್ಮಂದಿರು. ಅದು ವೀರಭೂಮಿಯೆಂದು ತಿಳಿಸಿ, ಅಲ್ಲಿಯೇ ಪಟ್ಟಣವನ್ನು ಕಟ್ಟಿಸಿದ ವಿದ್ಯಾರಣ್ಯರು. ಕಾಲವು ಶಾಲಿವಾಹನ ಶಕ 1258, ಧಾತು ಸಂವತ್ಸರ, ಎಂದರೆ ಕ್ರಿ. ಶ. 1336. ಈ ಲೆಕ್ಕದಿಂದಲೇ 1936ರಲ್ಲಿ ಆರುನೂರನೆಯ ವರ್ಷದ ಉತ್ಸವವು ನಡೆದು, ಧಾರವಾಡದಿಂದ ಒಂದು ದೊಡ್ಡ ಸ್ಮರಣಸಂಪುಟವೂ ಹೊರಬಂದಿತು. ಕನ್ನಡನಾಡು ಆಗ ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದುಹಂಚಿಹೋಗಿತ್ತು. ನಾವೂ ಒಂದು ಕಾಲದಲ್ಲಿ ಒಂದು ರಾಜ್ಯವಾಗಿದ್ದೆವೆಂಬ ನೆನಪು ಆ ಜನಕ್ಕೆ ಎಷ್ಟು ಬೇಕಾಗಿತ್ತೆಂಬುದನ್ನು ಊಹಿಸಬಹುದು. ಆದುದರಿಂದ ಈ ಪ್ರಶ್ನೆಯು ಬರಿಯ ಪಂಡಿತರ ಕೋಣೆಯದಾಗಿ ಎಂದೂ ಉಳಿಯಲಿಲ್ಲ.

ಈಗ ಗ್ರಂಥಗಳ ಕಡೆಗೆ ಬರೋಣ. ಮದರಾಸು ಸಿವಿಲ್ ಸರ್ವಿಸಿನಲ್ಲಿದ್ದ ರಾಬರ್ಟ್ ಸೆವೆಲ್ಲರು 1900ರಲ್ಲಿ ಮರೆತುಹೋದ ಒಂದು ಸಾಮ್ರಾಜ್ಯವೆಂದು ವಿಜಯನಗರದ ಚರಿತ್ರೆಯನ್ನು ಬರೆದು, ಪೇಯಸ್ ಮತ್ತು ನೂನಿಜ್ ಎಂಬ ಇಬ್ಬರು ಪೋರ್ತುಗೀಜರ ವೃತ್ತಾಂತಗಳನ್ನು ಇಂಗ್ಲಿಷಿಗೆ ತಿರುಗಿಸಿ ಅದಕ್ಕೆ ಸೇರಿಸಿದರು. ಎಸ್. ಕೃಷ್ಣಸ್ವಾಮಿ ಅಯ್ಯಂಗಾರ್ಯರು 1921ರಲ್ಲಿ, ಆ ಪಟ್ಟಣದ ಹುಟ್ಟನ್ನು ಹೊಯ್ಸಳ ಮೂರನೆಯ ಬಲ್ಲಾಳನ ಪ್ರತಿಭಟನೆಗೆ ಜೋಡಿಸಿದರು. ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿದ್ದ ಸ್ಪೇನ್ ದೇಶದ ಪಾದ್ರಿ ಹೆನ್ರಿ ಹೆರಾಸರು 1929ರಲ್ಲಿ ಇನ್ನೂ ಮುಂದೆ ಹೋದರು. ಪಟ್ಟಣದ ಮೂಲಪುರುಷನು ಬಲ್ಲಾಳನೇ. ವಿದ್ಯಾರಣ್ಯರು ಅದನ್ನು ಸ್ಥಾಪಿಸಿದರೆಂಬ ಕಥೆಯು ಹದಿನಾರನೆಯ ಶತಮಾನದಲ್ಲಿ ಶೃಂಗೇರಿಯ ಮಠದಲ್ಲಿ ಹುಟ್ಟಿಕೊಂಡುದು ಎಂದರು. ಎನ್. ವೆಂಕಟರಮಣಯ್ಯನವರು 1933ರಲ್ಲಿ, ಹರಿಹರ ಬುಕ್ಕರು ಆಂಧ್ರದ ಕಡೆಯವರು, 1327ರಲ್ಲಿ ಕಂಪಿಲಿಯು ಬಿದ್ದಾಗ ದೆಹಲಿಗೆ ಸೆರೆಹೋಗಿ, ಮತಾಂತರಗೊಂಡು, ಸುಲ್ತಾನನ ಅಧಿಕಾರಿಗಳಾಗಿ ಹಿಂದಿರುಗಿ ಬಂದು ಆಮೇಲೆ ಸ್ವತಂತ್ರರಾದವರು ಎಂಬ ಪಕ್ಷವನ್ನು ಬಹು ಪಾಂಡಿತ್ಯದಿಂದ ನಿಲ್ಲಿಸಿದರು. ಮರುವರ್ಷವೇ ಬಿ. ಎ. ಸಾಲೆತೊರೆಯವರು ಎರಡು ಸಂಪುಟಗಳಲ್ಲಿ ಆ ಸಾಮ್ರಾಜ್ಯದ ಜೀವನವನ್ನು ಚಿತ್ರಿಸಿದರು. ಮೂಲದ ವಿಷಯದಲ್ಲಿ ಅವರದು ಕರ್ಣಾಟಕದ ಪಕ್ಷ.

ಸ್ವಾತಂತ್ರ್ಯಾನಂತರ ಈ ವಾದವು ಮುಗಿಯಲಿಲ್ಲ, ಬೇರೆ ದಿಕ್ಕಿಗೆ ತಿರುಗಿತು. ವಸುಂಧರಾ ಫಿಲಿಯೋಜಾ ಅವರು 1973ರಲ್ಲಿ ಶಾಸನಗಳನ್ನೇ ಸಾಲಾಗಿ ಜೋಡಿಸಿ, ಸಂಗಮನ ಮಕ್ಕಳು ಹೊಯ್ಸಳರ ಸೇವೆಯಲ್ಲಿದ್ದ ಇದೇ ನೆಲದವರೆಂದೂ, ದೆಹಲಿಯ ಸೆರೆಯ ಕಥೆಗೆ ಶಾಸನಾಧಾರವಿಲ್ಲವೆಂದೂ ತೋರಿಸಿದರು. ಜರ್ಮನಿಯ ಹರ್ಮನ್ ಕುಲ್ಕೆಯವರು 1985ರಲ್ಲಿ ಶೃಂಗೇರಿಯ ಶಾಸನಗಳನ್ನು ಮತ್ತೆ ಓದಿದರು. ಅಮೆರಿಕದ ಬರ್ಟನ್ ಸ್ಟೈನರಿಗೆ ಕಟ್ಟಿದವರಾರೆಂಬುದಕ್ಕಿಂತ, ಕಟ್ಟಿದ್ದು ಎಂಥ ರಾಜ್ಯ, ಅದರ ಹಿಡಿತ ಹಳ್ಳಿಯವರೆಗೆ ಎಷ್ಟು ಇಳಿದಿತ್ತು ಎಂಬುದೇ ಮುಖ್ಯವಾಯಿತು. ಫಿಲಿಪ್ ವ್ಯಾಗನರ್ ಅವರು 1996ರಲ್ಲಿ ಒಂದೇ ಒಂದು ಬಿರುದನ್ನು ಹಿಡಿದು ದೊಡ್ಡ ಚರ್ಚೆಯನ್ನೆಬ್ಬಿಸಿದರು. ಆ ಬಿರುದಿನ ಮಾತು ಮುಂದೆ ಬರುತ್ತದೆ.

ಇಷ್ಟು ಹೆಸರುಗಳನ್ನು ಕೇಳಿದ ಕೂಡಲೆ ನಮ್ಮಲ್ಲಿ ಏಳುವ ಮೊದಲನೆಯ ಯೋಚನೆ ಯಾವುದು? ಹೆರಾಸರು ಪಾದ್ರಿಗಳು, ಮಠದ ಮೇಲೆ ಹೇಳದೆ ಇರುತ್ತಾರೆಯೆ? ವೆಂಕಟರಮಣಯ್ಯನವರು ತೆಲುಗರು, ಆಂಧ್ರಮೂಲವೆಂದರೆ ಆಶ್ಚರ್ಯವೇನು? ಸಾಲೆತೊರೆಯವರು ಕನ್ನಡ ಕರಾವಳಿಯವರು, ಅವರ ಪಕ್ಷವೂ ಗೊತ್ತಾದುದೇ. ಸೆವೆಲ್ಲರು ಆಂಗ್ಲ ಅಧಿಕಾರಿ. ಹಿಂದಿನ ರಾಜ್ಯಗಳ ವಿನಾಶವನ್ನು ಭಯಂಕರವಾಗಿ ಬಣ್ಣಿಸಿದಷ್ಟೂ ತಮ್ಮ ಸರಕಾರದ ಶಾಂತಿಯು ಹೆಚ್ಚಿ ಕಾಣುವುದಲ್ಲವೆ? ಹೀಗೆ ಯೋಚಿಸುವುದು ಬಹು ಸುಲಭ, ಸುಖವೂ ಹೌದು. ಪುಸ್ತಕವನ್ನು ತೆರೆಯದೆಯೇ ಉತ್ತರ ಸಿಕ್ಕಿಬಿಡುತ್ತದೆ.

ಈ ಯೋಚನೆಯಲ್ಲಿ ಸತ್ಯದ ಅಂಶವಿಲ್ಲವೆಂದು ಹೇಳಲಾಗದು. ಇಂಗ್ಲೆಂಡಿನ ಇ. ಎಚ್. ಕಾರ್ ಅವರು 1961ರಲ್ಲಿ ಕೇಂಬ್ರಿಜ್ಜಿನಲ್ಲಿ ಕೊಟ್ಟ ಪ್ರಸಿದ್ಧ ಉಪನ್ಯಾಸಗಳಲ್ಲಿ, ಸಂಗತಿಗಳನ್ನು ಓದುವ ಮೊದಲು ಅವುಗಳನ್ನು ಬರೆದವನನ್ನು ಅರಿತುಕೊಳ್ಳಬೇಕೆಂದೇ ಬೋಧಿಸಿದರು. ಆರು ವರ್ಷಗಳ ತರುವಾಯ ಜಿ. ಆರ್. ಎಲ್ಟನ್ ಅವರು ಅದಕ್ಕೆ ಎದುರಾಗಿ, ಬರೆದವನ ಹುಟ್ಟನ್ನು ಕೆದಕುವುದಕ್ಕಿಂತ ದಾಖಲೆಯನ್ನು ಸರಿಯಾಗಿ ಓದುವ ಶಿಕ್ಷಣವೇ ಇತಿಹಾಸಕಾರನಿಗೆ ಪ್ರಾಣವೆಂಬ ಪಕ್ಷವನ್ನು ಹಿಡಿದರು. ಉನ್ನತ ವ್ಯಾಸಂಗಕ್ಕೆ ಹೊರಟವರು ಈ ಇಬ್ಬರನ್ನೂ ಓದುವುದು ಒಳ್ಳೆಯದು. ಆದರೆ ಅಲ್ಲಿಯೇ ಬಹುಕಾಲ ನಿಲ್ಲಬೇಕಾದುದಿಲ್ಲ. ಬರೆದವನು ಯಾರೆಂಬುದನ್ನು ಅರಿಯುವುದರಿಂದ, ಅವನು ಎಲ್ಲಿ ಎಡವಿರಬಹುದು, ನಾವು ಎಲ್ಲಿ ಎಚ್ಚರದಿಂದ ನೋಡಬೇಕು ಎಂಬುದು ತಿಳಿಯುತ್ತದೆ. ಅವನು ಎಡವಿದನೇ ಎಂಬುದು ಮಾತ್ರ ಶಾಸನವನ್ನು ನೋಡಿದ ಹೊರತು ತಿಳಿಯುವುದಿಲ್ಲ. ತೆಲುಗರಾದ ಮಾತ್ರಕ್ಕೆ ವೆಂಕಟರಮಣಯ್ಯನವರು ತಪ್ಪಿದರೆನ್ನುವುದಾದರೆ, ಕನ್ನಡಿಗರಾದ ಮಾತ್ರಕ್ಕೆ ನಾವೂ ತಪ್ಪಿದೆವೆಂದು ಅವರು ಹೇಳಬಹುದು; ಆಗ ವಾದವು ಕುಲಗೋತ್ರಗಳ ಲೆಕ್ಕವಾಗಿ, ಸಂಗಮನ ಮಕ್ಕಳು ಯಾರೆಂಬುದನ್ನು ಎಲ್ಲರೂ ಮರೆತುಬಿಡುವೆವು. ಹೆರಾಸರು ಪಟ್ಟಣದ ಹುಟ್ಟನ್ನು ಕೊಟ್ಟದ್ದು ಯಾವ ಪರದೇಶೀಯನಿಗೂ ಅಲ್ಲ, ದ್ವಾರಸಮುದ್ರದ ಬಲ್ಲಾಳನಿಗೆ. ಪಾದ್ರಿಯೆಂಬ ಒಂದೇ ಮಾತಿನಿಂದ ಅವರ ಪುಸ್ತಕವನ್ನು ಮುಚ್ಚಿದವರಿಗೆ ಇದು ಕಾಣುವುದೇ ಇಲ್ಲ.

ಹಾಗಾದರೆ ದಾಖಲೆಗಳು ಏನು ಹೇಳುತ್ತವೆ? ಇಲ್ಲಿ ಸ್ವಲ್ಪ ನಿಂತು ನೋಡುವುದು ಅಗತ್ಯ.

1336ನೆಯ ವರ್ಷಕ್ಕೆ ನೇರವಾದ ಆಧಾರಗಳೆಂದು ಹಿಂದೆ ತೋರಿಸುತ್ತಿದ್ದುದು ಬಾಗೇಪಲ್ಲಿ, ಕಾಪಲೂರು ಮೊದಲಾದ ಕಡೆಗಳ ತಾಮ್ರಶಾಸನಗಳು. ಇವು ಆ ಕಾಲದವಲ್ಲ, ಮುಂದೆ ಯಾರೋ ಬರೆಯಿಸಿದ ಕೂಟಶಾಸನಗಳು ಎಂದು ಹೆಚ್ಚಿನ ವಿದ್ವಾಂಸರು ಬದಿಗಿಟ್ಟಿದ್ದಾರೆ. ಅವನ್ನು ತೆಗೆದರೆ ಹರಿಹರನನ್ನು ನಾವು ಖಚಿತವಾಗಿ ಕಾಣುವುದು 1340ರ ಸುಮಾರಿನ ಬಾದಾಮಿಯ ಶಾಸನದಲ್ಲಿ. ಅಲ್ಲಿ ಅವನಿಗೆ ಭಾಷೆಗೆ ತಪ್ಪುವ ರಾಯರ ಗಂಡನೆಂಬ ಬಿರುದಿದೆ, ಪೂರ್ವಪಶ್ಚಿಮ ಸಮುದ್ರಗಳ ಅಧಿಪತಿಯೆಂಬ ಮಾತಿದೆ. ಆದರೆ ಪದವಿ ಮಾತ್ರ ಮಹಾಮಂಡಲೇಶ್ವರ. ಮಹಾಮಂಡಲೇಶ್ವರನೆಂದರೆ ಮೇಲೊಬ್ಬ ದೊರೆಯಿರುವ ಮಾಂಡಲಿಕನೆಂದು ವಾಡಿಕೆಯ ಅರ್ಥ. ಎರಡು ಸಮುದ್ರಗಳ ಒಡೆಯನಾಗಿಯೂ ಮಾಂಡಲಿಕನ ಹೆಸರನ್ನು ಏಕೆ ಇಟ್ಟುಕೊಂಡನು? ಹೊಯ್ಸಳನು ಇನ್ನೂ ಬದುಕಿದ್ದನೆಂದೆ? ಹಳೆಯ ಹೆಸರನ್ನು ಬಿಡುವುದು ಅಪಾಯವೆಂದೆ? ರಾಜಾಧಿರಾಜನೆಂಬ ಪೂರ್ಣ ಪದವಿಗಳು ವಿಜಯನಗರದ ಅರಸರಿಗೆ ನಿಲುಕಡೆಯಾಗಿ ಬರುವುದು ಎರಡನೆಯ ಹರಿಹರನ ಕಾಲಕ್ಕೆ, 1377ರಿಂದ ಈಚೆಗೆ. ಮೊದಲನೆಯ ಪೀಳಿಗೆಯ ಅಣ್ಣತಮ್ಮಂದಿರು ತಮ್ಮನ್ನು ತಾವು ಏನೆಂದು ತಿಳಿದಿದ್ದರೋ, ನಾವು ಅವರನ್ನು ತಿಳಿದಿರುವಂತೆ ತಿಳಿದಿರಲಿಲ್ಲವೆಂಬುದಂತೂ ಸ್ಪಷ್ಟ.

ಎರಡನೆಯ ದಾಖಲೆ 1346ರ ಶೃಂಗೇರಿಯ ಶಾಸನ. ಹರಿಹರನೂ ಅವನ ತಮ್ಮಂದಿರಾದ ಕಂಪಣ, ಬುಕ್ಕ, ಮಾರಪ್ಪ, ಮುದ್ದಪ್ಪರೂ ಸಮುದ್ರದಿಂದ ಸಮುದ್ರದವರೆಗೆ ಗೆದ್ದ ವಿಜಯೋತ್ಸವವನ್ನು ನಡೆಸಿ, ಭಾರತೀತೀರ್ಥ ಶ್ರೀಪಾದಂಗಳಿಗೂ ಅವರ ಶಿಷ್ಯರಿಗೂ ಭೂಮಿಯನ್ನು ದತ್ತಿಬಿಟ್ಟರು. ಐವರು ಅಣ್ಣತಮ್ಮಂದಿರೂ ಒಟ್ಟಾಗಿ ಒಂದು ಪುಣ್ಯಕ್ಷೇತ್ರಕ್ಕೆ ಬಂದಿದ್ದಾರೆ. ರಾಜ್ಯವು ಕೈಗೆ ಬಂದ ಸಂಭ್ರಮ ಅಲ್ಲಿದೆ. ಆದರೆ ವಿದ್ಯಾರಣ್ಯರ ಹೆಸರು ಆ ಶಾಸನದಲ್ಲಿಲ್ಲ. ಹತ್ತು ವರ್ಷಗಳ ಹಿಂದೆ ಅವರೇ ಪಟ್ಟಣವನ್ನು ಕಟ್ಟಿಸಿ ಪಟ್ಟಗಟ್ಟಿದ್ದರೆ, ಇಂಥ ದಿನದಲ್ಲಿ ಅವರನ್ನು ಮರೆಯುವುದುಂಟೆ? ಕುಲ್ಕೆಯವರು ಹಿಡಿದ ಎಳೆ ಇದೇ. ಅವರ ಮತದಲ್ಲಿ ರಾಜ್ಯದೊಡನೆ ವಿದ್ಯಾರಣ್ಯರ ನಿಕಟ ಸಂಬಂಧವು ನಿಜವಾದುದೇ. ಅದು ಶಾಸನಗಳಲ್ಲಿ ತೋರುವುದು ಮಾತ್ರ 1370ರ ದಶಕದಿಂದ. ಅವರು 1386ರಲ್ಲಿ ದೇಹಬಿಟ್ಟಾಗ ಎರಡನೆಯ ಹರಿಹರನು ಅವರ ನೆನಪಿಗಾಗಿ ದತ್ತಿಕೊಟ್ಟನು. ನಿಜವಾದ ಒಂದು ಸಂಬಂಧವನ್ನು ಮುಂದಿನವರು ಹಿಂದಕ್ಕೆ ಎಳೆದು ರಾಜ್ಯದ ಹುಟ್ಟಿಗೇ ಕಟ್ಟಿದರೆಂದು ಅವರ ತೀರ್ಮಾನ.

ಇದಕ್ಕೆ ಎದುರುಮಾತಿಲ್ಲವೆ? ಇದೆ. ದತ್ತಿಶಾಸನವು ದತ್ತಿಯನ್ನು ಪಡೆದವರ ಹೆಸರನ್ನು ಹೇಳುತ್ತದೆ. ರಾಜ್ಯದ ಚರಿತ್ರೆಯನ್ನು ಬರೆಯುವುದು ಅದರ ಕೆಲಸವಲ್ಲ. ಹೆಸರಿಲ್ಲವೆಂಬುದರಿಂದ ಮನುಷ್ಯನಿರಲಿಲ್ಲವೆಂದು ಸಾಧಿಸಹೊರಟರೆ ನಮ್ಮ ಪೂರ್ವಿಕರಲ್ಲಿ ಅರ್ಧ ಜನ ಇರಲೇ ಇಲ್ಲವೆನ್ನಬೇಕಾಗುತ್ತದೆ. ಮೇಲಾಗಿ ಕುದುರೆಯ ವ್ಯಾಪಾರಿಯಾಗಿ ಬಂದ ನೂನಿಜನು 1535ರ ಸುಮಾರಿಗೆ ಬರೆದ ವೃತ್ತಾಂತದಲ್ಲಿಯೇ ಮೊಲವೂ ಇದೆ, ಆ ಸ್ಥಳದ ಮಹಿಮೆಯನ್ನು ಹೇಳಿದ ತಪಸ್ವಿಯೂ ಇದ್ದಾನೆ. ಕನ್ನಡವನ್ನೂ ಸಂಸ್ಕೃತವನ್ನೂ ಓದಲಾರದ ಪರದೇಶಿಯ ಕಿವಿಗೂ ಬೀಳುವಷ್ಟು ಹರಡಿದ್ದ ಕಥೆಯು ಅದೇ ಶತಮಾನದಲ್ಲಿ ಒಂದು ಮಠದ ಒಳಗೆ ಹೊಸದಾಗಿ ಹುಟ್ಟಿತೆನ್ನುವುದು ಕಷ್ಟ. ಹೆರಾಸರ ವಾದದಲ್ಲಿ ನನಗೆ ದುರ್ಬಲವಾಗಿ ಕಾಣುವ ಸ್ಥಳ ಇದು. ಕಥೆಯು ಹಳೆಯದಿರಬಹುದು. ಹಳೆಯದಾದುದರಿಂದಲೇ ಅದು 1336ರಷ್ಟು ಹಳೆಯದೆಂದು ಮಾತ್ರ ಆಗುವುದಿಲ್ಲ.

ದೆಹಲಿಯ ಸೆರೆಯ ಕಥೆಯ ವಿಷಯವೂ ಹೀಗೆಯೇ. ಬರನಿ, ಇಸಾಮಿ ಎಂಬ ಆ ಕಾಲದ ಪಾರಸಿ ಚರಿತ್ರಕಾರರು, ಕಂಪಿಲಿಯ ಕಡೆಯಲ್ಲಿ ಸುಲ್ತಾನನ ಮತವನ್ನು ಬಿಟ್ಟು ದಂಗೆಯೆದ್ದ ಒಬ್ಬನನ್ನು ಹೇಳುತ್ತಾರೆ. ಅವನು ಹರಿಹರನೆಂದಾಗಲಿ ಬುಕ್ಕನೆಂದಾಗಲಿ ಹೇಳುವುದಿಲ್ಲ. ಆ ಗುರುತನ್ನು ಹಚ್ಚಿದವರು ನಮ್ಮ ಶತಮಾನಗಳ ವಿದ್ವಾಂಸರು. ನಮ್ಮವರನ್ನು ಮತಾಂತರಗೊಂಡವರೆನ್ನುವುದೆ ಎಂದು ಸಿಟ್ಟಾಗಿ ಇದನ್ನು ತಳ್ಳುವುದು ತರವಲ್ಲ. ಶಾಸನಗಳಲ್ಲಿ ಇದಕ್ಕೆ ಆಸರೆಯಿಲ್ಲವೆಂದು ತಳ್ಳಿದರೆ ಸರಿ. ತಳ್ಳಿದ್ದು ಒಂದೇ, ತಳ್ಳಿದ ರೀತಿ ಬೇರೆ. ಪರೀಕ್ಷಕನಿಗೆ ಇದು ಕಾಣದಿರಬಹುದು. ವಿದ್ಯಾರ್ಥಿಗೆ ತನ್ನೊಳಗೆ ಕಂಡೇ ಕಾಣುತ್ತದೆ. ವ್ಯಾಗನರ್ ಅವರಂಥವರು ಈ ಕಥೆಯನ್ನು ಬೇರೆಯೇ ರೀತಿಯಲ್ಲಿ ಓದಿದ್ದಾರೆಂಬುದನ್ನೂ ಹೇಳಬೇಕು. ದೆಹಲಿಯ ಸುಲ್ತಾನನು ಅಧಿಕಾರಕೊಟ್ಟು ಕಳುಹಿಸಿದನೆಂದು ಹಿಂದಿನ ಸಂಸ್ಕೃತ ಗ್ರಂಥಗಳೇ ಹೇಳುವುದರಿಂದ, ಹಾಗೆ ಹೇಳಿಕೊಳ್ಳುವುದು ಆ ಕಾಲದವರಿಗೆ ಅವಮಾನವಾಗಿರಲಿಲ್ಲ, ಒಂದು ಅಧಿಕಾರಪತ್ರವೇ ಆಗಿತ್ತು ಎಂದು ಅವರ ಅಭಿಪ್ರಾಯ.

ಬಿರುದಿನ ಮಾತು ಬಂದಿತು. ಬುಕ್ಕನ ಕಾಲದ ಶಾಸನಗಳಲ್ಲಿ ಹಿಂದೂರಾಯಸುರತ್ರಾಣ ಎಂಬ ಬಿರುದು ಬರುತ್ತದೆ. ಸುರತ್ರಾಣವೆಂದರೆ ಸುಲ್ತಾನ. ಹಿಂದಿನ ಪೀಳಿಗೆಯವರು ಇದನ್ನು ಹಿಂದೂ ಧರ್ಮದ ರಕ್ಷಣೆಗೆ ನಿಂತವನ ಬಿರುದೆಂದು ತೆಗೆದುಕೊಂಡರು. ವ್ಯಾಗನರ್ ಅವರು ಇದನ್ನು ಹಿಂದೂ ರಾಜರ ನಡುವಣ ಸುಲ್ತಾನನೆಂದು ಅರ್ಥಮಾಡಿ, ಆಸ್ಥಾನದಲ್ಲಿ ಅರಸರೂ ಅಧಿಕಾರಿಗಳೂ ತೊಡುತ್ತಿದ್ದ ಕಬಾಯಿ ಕುಳ್ಳಾಯಿಗಳನ್ನು ಸಾಕ್ಷಿಗೆ ತಂದರು. ಉದ್ದನೆಯ ಅಂಗಿ, ಎತ್ತರದ ಟೋಪಿ, ಸುಲ್ತಾನನೆಂಬ ಹೆಸರು: ಇವೆಲ್ಲ ಆ ಕಾಲದ ದೊಡ್ಡ ಜಗತ್ತಿನಲ್ಲಿ ದೊರೆತನದ ಲಕ್ಷಣಗಳಾಗಿದ್ದು, ವಿಜಯನಗರದವರು ಅವನ್ನು ಅಂಜದೆ ಎತ್ತಿಕೊಂಡರೆಂದರು. ಹಾಗಾದರೆ ಧರ್ಮರಕ್ಷಣೆಯ ಮಾತು ಸುಳ್ಳೆ? ಬುಕ್ಕನ ಆಶ್ರಯದಲ್ಲಿ ಸಾಯಣಾಚಾರ್ಯರು ವೇದಗಳಿಗೆ ಭಾಷ್ಯ ಬರೆದುದು ಸುಳ್ಳಲ್ಲ. 1368ರಲ್ಲಿ ಅದೇ ಬುಕ್ಕನು ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿ ಇಟ್ಟು ಇಬ್ಬರ ವ್ಯಾಜ್ಯವನ್ನು ತೀರಿಸಿದುದನ್ನು ಶ್ರವಣಬೆಳಗೊಳದ ಕಲ್ಲು ಇಂದಿಗೂ ಹೇಳುತ್ತಿದೆ. ಧರ್ಮವನ್ನು ಕಾಯುವುದೆಂದರೆ ಏನೆಂಬುದನ್ನು ಅವನು ನಮ್ಮ ಪದಕೋಶದಿಂದ ಕಲಿತವನಲ್ಲ. ಒಂದೇ ಬಿರುದಿನಲ್ಲಿ ಎರಡು ಅರ್ಥಗಳೂ ಕೂಡಿದ್ದಿರಬಹುದೆಂದು ನನ್ನ ಊಹೆ. ಒಂದನ್ನೇ ಉಳಿಸಿಕೊಳ್ಳಬೇಕೆಂಬ ಆತುರ ನಮ್ಮ ಕಾಲದ್ದು.

ಈಗ ವಿದ್ಯಾರ್ಥಿಯ ಕೆಲಸಕ್ಕೆ ಬರೋಣ. ಮತಭೇದಗಳನ್ನು ಓದುವ ಕ್ರಮವೊಂದು ನಮ್ಮಲ್ಲಿ ಹಿಂದಿನಿಂದಲೂ ಇದೆ. ಅದಕ್ಕೆ ವಿಲಾಯಿತಿಯ ಪುಸ್ತಕ ಬೇಕಾಗಿಲ್ಲ. ಶಾಸ್ತ್ರಕಾರರು ತಮ್ಮ ಸಿದ್ಧಾಂತವನ್ನು ಹೇಳುವ ಮೊದಲು ಪೂರ್ವಪಕ್ಷವನ್ನು ಹೇಳುತ್ತಿದ್ದರು. ಮಾಧವಾಚಾರ್ಯರ ಹೆಸರಿನಲ್ಲಿ ನಡೆದುಬಂದಿರುವ ಸರ್ವದರ್ಶನಸಂಗ್ರಹವು ಆರಂಭವಾಗುವುದು ಚಾರ್ವಾಕಮತದಿಂದ. ವೇದವನ್ನೇ ಒಪ್ಪದ ಆ ಮತವನ್ನು ವೇದಾಂತಿಯೊಬ್ಬನು ಎಷ್ಟು ಪೂರ್ಣವಾಗಿ ನಿರೂಪಿಸಿದ್ದಾನೆಂದರೆ, ಚಾರ್ವಾಕರ ಸ್ವಂತ ಗ್ರಂಥಗಳು ಉಳಿಯದ ಕಾರಣ ಇಂದಿಗೂ ಅವರನ್ನು ಅರಿಯಬಯಸುವವರಿಗೆ ಆ ಪ್ರಕರಣವು ಮುಖ್ಯ ಆಧಾರಗಳಲ್ಲಿ ಒಂದಾಗಿದೆ. ಎದುರಾಳಿಗೆ ನ್ಯಾಯ ಕೊಟ್ಟುದರ ಫಲವು ಎದುರಾಳಿಯೇ ಇಲ್ಲವಾದ ಮೇಲೂ ಉಳಿಯಿತು. ವಿಜಯನಗರದ ಹುಟ್ಟಿನ ವಾದದಲ್ಲಿ ಯಾರ ಹೆಸರು ನಡುವೆ ನಿಂತಿದೆಯೋ ಅವರ ಹೆಸರಿನೊಡನೆ ಸಂಪ್ರದಾಯವು ಜೋಡಿಸಿದ ಗ್ರಂಥವೇ ಇದು. ಅದರ ಕರ್ತೃ ಯಾರೆಂಬುದರಲ್ಲಿಯೂ ಮತಭೇದವಿದೆಯೆಂಬುದು ಬೇರೆ ಮಾತು.

ಆದುದರಿಂದ ನಾನು ಹೇಳುವುದು ಇಷ್ಟೆ. ಎಂ. ಎ.ಗೆ ಸೇರಬೇಕೆಂದಿರುವ ಮಗನೋ ಮಗಳೋ ಮನೆಯಲ್ಲಿದ್ದರೆ, ರಜೆಯ ದಿನಗಳಲ್ಲಿ ಇಪ್ಪತ್ತು ಪುಸ್ತಕಗಳ ಸಾರಾಂಶಗಳನ್ನು ಓದಿಸಬೇಡಿ. ಪರಸ್ಪರ ವಿರುದ್ಧವಾದ ಎರಡನ್ನು ಪೂರ್ತಿಯಾಗಿ ಓದಲಿ. ತನಗೆ ಯಾವ ಪಕ್ಷವು ನೋವುಕೊಡುತ್ತದೆಯೋ ಅದನ್ನು ಮೊದಲು ಎತ್ತಿಕೊಂಡು, ಅದನ್ನು ಬರೆದವರು ನೋಡಿ, ಹೌದು, ನಾನು ಹೇಳಿದ್ದು ಇದೇ ಎಂದು ಒಪ್ಪುವ ಹಾಗೆ ಎರಡು ಪುಟ ಬರೆಯಲಿ. ಅದರಲ್ಲಿ ಹಾಸ್ಯವಾಗಲಿ, ಅಂತೆ ಎಂಬ ಅನುಮಾನದ ಪ್ರತ್ಯಯವಾಗಲಿ ಇರಕೂಡದು. ಇದು ಕಷ್ಟವಾದ ಕೆಲಸ. ಎರಡನೆಯ ವಾಕ್ಯಕ್ಕೇ ಲೇಖನಿಯು ತಾನಾಗಿ ಆದರೆ ಎಂದು ಬರೆಯಹೊರಡುತ್ತದೆ. ಅನಂತರ ಇಬ್ಬರೂ ಎತ್ತಿಕೊಂಡಿರುವ ಒಂದೇ ಶಾಸನವನ್ನು ಗುರುತಿಸಿ, ಇಬ್ಬರ ಮಾತನ್ನೂ ಮುಚ್ಚಿಟ್ಟು, ಶಾಸನವನ್ನೇ ಓದಲಿ. ಬಿ. ಎಲ್. ರೈಸರು ಆರಂಭಿಸಿದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಮೈಸೂರು ಸೀಮೆಯ ಸಾವಿರಾರು ಶಾಸನಗಳು ಕನ್ನಡ ಲಿಪಿಯಲ್ಲಿಯೇ ಅಚ್ಚಾಗಿವೆ. ಇಂಗ್ಲಿಷಿನಲ್ಲಿ ಬರೆದ ಪರದೇಶದ ವಿದ್ವಾಂಸರಿಗಿಂತ ಈ ವಿಷಯದಲ್ಲಿ ನಮ್ಮ ಮಕ್ಕಳಿಗೆ ಅನುಕೂಲ ಹೆಚ್ಚು. ಹಳಗನ್ನಡವು ಅವರಿಗೆ ಕಷ್ಟವಾದೀತು, ಪರಕೀಯವಾಗದು.

ಹೀಗೆ ಓದುವಾಗ ಇನ್ನೊಂದು ಸಂಗತಿಯೂ ಕಾಣುತ್ತದೆ. ವಿದ್ವಾಂಸರ ಜಗಳವು ಗಿರಿಗಿರಿ ತಿರುಗುತ್ತ ಇದ್ದಲ್ಲಿಯೇ ಇರುವುದಿಲ್ಲ. ಮಾಧವನೆಂಬ ಹೆಸರಿನ ಮಂತ್ರಿಗಳು ಆ ಕಾಲದಲ್ಲಿ ಇಬ್ಬರಿದ್ದರು. ಒಬ್ಬರು ಮಾಯಣನ ಮಗ, ಸಾಯಣನ ಅಣ್ಣ, ಭಾರದ್ವಾಜ ಗೋತ್ರದವರು. ಇನ್ನೊಬ್ಬನು ಆಂಗಿರಸ ಗೋತ್ರದವನು, ಬನವಾಸಿ ಗೋವೆಗಳನ್ನು ಆಳಿದ ಅಧಿಕಾರಿ. ಇವರಿಬ್ಬರನ್ನೂ ಒಬ್ಬರೆಂದು ತಿಳಿದು ಯತಿಗಳ ಕೈಯಲ್ಲಿ ಕತ್ತಿಯನ್ನು ಕೊಟ್ಟ ಲೇಖಕರು ಹಿಂದೆ ಅನೇಕರು. ಗೋತ್ರಗಳನ್ನು ಹೋಲಿಸಿ ನೋಡಿದ ಮೇಲೆ ಆ ಗೊಂದಲವು ತೀರಿತು. ಕೂಟಶಾಸನಗಳ ವಿಷಯವೂ ಬಹುಮಟ್ಟಿಗೆ ತೀರಿದೆ. ಎಲ್ಲವೂ ಅಭಿಪ್ರಾಯವೆನ್ನುವವರು ಈ ತೀರಿದ ವಾದಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ತೀರಿದ ಮೇಲೆ ಅವು ಸಪ್ಪಗಾಗಿ, ಯಾರೂ ಅವನ್ನು ವಾದವೆಂದು ಕರೆಯುವುದಿಲ್ಲವಲ್ಲ.

ಗೃಹಸ್ಥರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಇದೆಲ್ಲ ಪಂಡಿತರಿಗೆ ಇರಲಿ. ನಾಡಿನ ಮೇಲೆ, ಗುರುಪರಂಪರೆಯ ಮೇಲೆ ಇರುವ ಭಕ್ತಿಯೇ ಎಳೆಯರಿಗೆ ಆಧಾರ. ಇಪ್ಪತ್ತು ವರ್ಷದ ಮಗುವಿಗೆ ಆ ಆಧಾರವನ್ನು ಕದಲಿಸುವುದು ಒಳ್ಳೆಯದೆ? ಈ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಇದಕ್ಕೆ ಸಾಧಾರಣವಾಗಿ ಕೊಡುವ ಸಮಾಧಾನವೊಂದಿದೆ: ಕಥೆಯು 1336ರ ಸಂಗತಿಯಲ್ಲದಿದ್ದರೇನು, ಅದನ್ನು ಹೇಳಿದ ಕಾಲದ ಜನರ ಮನಸ್ಸಿಗೆ ಅದು ಸಾಕ್ಷಿ, ಒಂದು ಸತ್ಯವು ಹೋಗಿ ಇನ್ನೊಂದು ಸತ್ಯವು ಬಂದಿತು ಎಂದು. ಮಾತು ಸರಿಯೇ. ತಪಸ್ವಿಯಿಲ್ಲದೆ ಅರಸನು ಪಟ್ಟಣ ಕಟ್ಟಲಾರನೆಂದು ಒಂದು ಜನಾಂಗವು ನಂಬಿತ್ತೆಂಬುದು ಸಣ್ಣ ಸಂಗತಿಯಲ್ಲ. ಆದರೆ ಇದನ್ನು ನಷ್ಟವೇ ಅಲ್ಲವೆಂದು ಹೇಳುವುದು ಪ್ರಾಮಾಣಿಕತೆಯಲ್ಲ. ತುಂಗಭದ್ರೆಯ ದಡದಲ್ಲಿ ಗುರುವೂ ಅಣ್ಣತಮ್ಮಂದಿರೂ ಒಟ್ಟಾಗಿ ನಿಂತ ಆ ಒಂದು ಬೆಳಗನ್ನು ಕಳೆದುಕೊಂಡವನು ಏನನ್ನೋ ಕಳೆದುಕೊಂಡೇ ಇರುತ್ತಾನೆ. ಅವನಿಗೆ ಅದರ ಬದಲು ಶತಮಾನದ ಮನಸ್ಸನ್ನು ಕೊಟ್ಟರೆ ಆ ಖಾಲಿ ತುಂಬುವುದಿಲ್ಲ.

ಹಾಗಿದ್ದೂ ಆ ನಷ್ಟವನ್ನು ತೆರಬೇಕೆಂದು ನಾನೇಕೆ ಹೇಳುತ್ತೇನೆ? ಭಕ್ತಿಯು ತನ್ನ ವಸ್ತುವನ್ನು ತಿಳಿಯಲೊಲ್ಲದೆ ಇದ್ದರೆ ಅದು ಆ ವಸ್ತುವಿನ ಮೇಲಿನ ಭಕ್ತಿಯೆ ಎಂಬ ಸಂದೇಹ ನನಗೆ. ವಿದ್ಯಾರಣ್ಯರನ್ನು ಗೌರವಿಸುವವನಿಗೆ, ಅವರು ಮಾಡಿದುದೇನು, ಅವರ ಹೆಸರಿಗೆ ಇತರರು ಸೇರಿಸಿದುದೇನು ಎಂದು ಬೇರ್ಪಡಿಸುವುದು ಗೌರವದ ಕೆಲಸವಾಗಿಯೇ ತೋರಬೇಕು. ಮನೆಯ ಹಿರಿಯರೊಬ್ಬರು ತೀರಿಕೊಂಡ ಮೇಲೆ, ಅವರು ಆಡದ ಮಾತುಗಳನ್ನು ಅವರ ಬಾಯಲ್ಲಿ ಹಾಕಿ ಆಸ್ತಿಯ ಪಾಲಿಗೆ ಬಳಸುವವರನ್ನು ನಾವು ಮೆಚ್ಚುವುದಿಲ್ಲ. ಆಡಿದ ಮಾತು ನಮಗೆ ಲಾಭವಾಗಿದ್ದರೂ ಅಷ್ಟೆ, ನಷ್ಟವಾಗಿದ್ದರೂ ಅಷ್ಟೆ.

ಇದರ ಮಗ್ಗುಲಿನಲ್ಲಿಯೇ ಇನ್ನೊಂದು ದೋಷವಿದೆ. ಕಾಲೇಜಿನಲ್ಲಿ ಎರಡು ವರ್ಷ ಕಳೆದವರಿಗೆ ಅದು ಬೇಗ ಅಂಟುತ್ತದೆ. ಕಥೆಗಳನ್ನು ಒಡೆಯುವುದರಲ್ಲಿಯೇ ಒಂದು ಸುಖವುಂಟು. ಅಜ್ಜಿಯು ಮೊಲದ ಕಥೆಯನ್ನು ಹೇಳುತ್ತಿದ್ದರೆ ನಡುವೆ ಬಾಯಿಹಾಕಿ, ಅದೆಲ್ಲ ಸುಳ್ಳು, ಹೆರಾಸರು ತೋರಿಸಿದ್ದಾರೆ ಎನ್ನುವ ಮೊಮ್ಮಗನು ಹೆರಾಸರನ್ನು ಓದಿದ್ದಾನೆ, ನೂನಿಜನನ್ನು ಓದಿಲ್ಲ. ನಂಬಿದ್ದನ್ನು ಬಿಡಲಾರದವನಿಗೂ, ಇತರರ ನಂಬಿಕೆಯನ್ನು ಬಿಡಿಸದೆ ಇರಲಾರದವನಿಗೂ ಶಾಸನದ ಮೇಲೆ ಕಣ್ಣಿರುವುದಿಲ್ಲ. ಈ ಹುಡುಗನಿಗೆ ಅಜ್ಜಿಯ ಪಕ್ಷವನ್ನು ಎರಡು ಪುಟ ಬರೆಯಲು ಕೊಡಬೇಕು.

ಇನ್ನೂ ತೀರದ ಪ್ರಶ್ನೆಯೊಂದನ್ನು ಕೈಗೆತ್ತಿಕೊಳ್ಳಬೇಕೆನ್ನುವವರಿಗೆ ಒಂದು ಸ್ಥಳವನ್ನು ತೋರಿಸಿ ಮುಗಿಸುತ್ತೇನೆ. ಮೂರನೆಯ ಬಲ್ಲಾಳನು ಮಧುರೆಯ ಸುಲ್ತಾನನೊಡನೆ ಹೋರಾಡಿ ಸೆರೆಸಿಕ್ಕಿ ಹತನಾದನು. ಅವನ ಚರ್ಮವನ್ನು ಸುಲಿದು ಹುಲ್ಲು ತುಂಬಿ ಮಧುರೆಯ ಗೋಡೆಗೆ ತೂಗುಹಾಕಿದ್ದುದನ್ನು ಇಬ್ನ್ ಬತೂತನೆಂಬ ಪ್ರವಾಸಿಯು ವರ್ಣಿಸಿದ್ದಾನೆ. 1343ರಲ್ಲಿ ಬಲ್ಲಾಳನ ಮಗನಿಗೆ ಪಟ್ಟವಾಯಿತು. 1346ರ ಹೊತ್ತಿಗೆ ಆ ಮಗನ ಸುದ್ದಿಯಿಲ್ಲ. ಶೃಂಗೇರಿಯಲ್ಲಿ ಸಂಗಮನ ಮಕ್ಕಳ ವಿಜಯೋತ್ಸವ ನಡೆಯುತ್ತಿದೆ. ನಡುವಣ ಮೂರು ವರ್ಷಗಳಲ್ಲಿ ಆದುದೇನು? ಹಳೆಯ ಮನೆತನವು ತಾನಾಗಿ ಕೈಬಿಟ್ಟಿತೆ, ಸೇವಕರಾಗಿದ್ದವರು ಕಿತ್ತುಕೊಂಡರೆ, ಹೆಣ್ಣುಕೊಟ್ಟು ತಂದ ಸಂಬಂಧದಿಂದ ಸದ್ದಿಲ್ಲದೆ ಕೈಮೀರಿತೆ? ಮೂರನ್ನೂ ವಿದ್ವಾಂಸರು ಯೋಚಿಸಿದ್ದಾರೆ. ಆ ಮೂರು ವರ್ಷಗಳ ಶಾಸನಗಳನ್ನು, ಯಾರ ಹೆಸರಿನಲ್ಲಿ, ಯಾವ ಊರಿನಲ್ಲಿ, ಯಾವ ಪದವಿಯೊಡನೆ ಬರುತ್ತವೆಯೆಂದು ಒಂದು ಹಾಳೆಯ ಮೇಲೆ ಸಂವತ್ಸರಕ್ರಮದಲ್ಲಿ ಬರೆದಿಟ್ಟುಕೊಂಡು, ಆಮೇಲೆ ಆ ಮೂರು ಪಕ್ಷಗಳ ಪುಸ್ತಕಗಳನ್ನು ತೆರೆಯಲಿ.